ಸರಾಸರಿಯಲ್ಲಿ ಕರಗಿಹೋಗುವ ಸದ್ದು

ಕಡೂರು, ಬೀರೂರು, ಸಿಂಗಟಗೆರೆ ಕಡೆಯವರಿಗೆ ಈಗ ಹತ್ತಿರದ ವಿಮಾನ ನಿಲ್ದಾಣವೆಂದರೆ ಶಿವಮೊಗ್ಗದ ಸೋಗಾನೆಯದು. 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾಗಿ, ಆಗಸ್ಟ್ 31ರಿಂದ ಹಾರಾಟ ಶುರುವಾಯಿತು. 3,200 ಮೀಟರ್ ರನ್‌ವೇ, ಕಮಲದಾಕಾರದ ಟರ್ಮಿನಲ್ ಎಲ್ಲರಿಗೂ ಗೊತ್ತು. ಇಂಥ ನಿಲ್ದಾಣಗಳ ಸದ್ದನ್ನು ಸರ್ಕಾರ ಯಾವ ಅಳತೆಗೋಲಿನಿಂದ ಅಳೆಯುತ್ತದೆ ಎಂಬುದು ಮಾತ್ರ ಊರಕಟ್ಟೆಯ ಮಾತಿಗೆ ಬರುವುದಿಲ್ಲ. ಆ ಅಳತೆಗೋಲಿನ ಬಗ್ಗೆಯೇ ನನ್ನ ತಕರಾರು.

ನಮ್ಮಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ವಿಮಾನ ನಿಲ್ದಾಣಗಳಿಗೆಂದೇ 2018ರಲ್ಲಿ ಬೇರೆ ಮಿತಿ ಬಂತು: ವರ್ಷಕ್ಕೆ ಐವತ್ತು ಸಾವಿರಕ್ಕಿಂತ ಹೆಚ್ಚು ಸಲ ವಿಮಾನ ಏರಿಳಿಯುವ ಕಡೆ ಹಗಲು 70, ರಾತ್ರಿ 65, ಉಳಿದ ಕಡೆ 65 ಮತ್ತು 60. ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಯುರೋಪಿಗೆ ಹೇಳಿದ್ದು ವಿಮಾನದ ಸದ್ದು ರಾತ್ರಿ 40 ದಾಟಬಾರದೆಂದು. ಅಂತರ ಸಣ್ಣದೇನಲ್ಲ. ಅದಕ್ಕಿಂತ ದೊಡ್ಡ ತೊಡಕು, ಇವೆಲ್ಲ ಸರಾಸರಿ ಎಂಬುದು.

ಒಂದು ಲೆಕ್ಕ ಹಾಕಿ ನೋಡಿ. ಮನೆಯ ಮೇಲೆ 80 ಡೆಸಿಬಲ್ ಸದ್ದು ಮಾಡುತ್ತ ಒಂದು ವಿಮಾನ ಅರ್ಧ ನಿಮಿಷ ಹಾದುಹೋಯಿತು ಎನ್ನೋಣ. ಹಗಲಿನ ಹದಿನಾರು ಗಂಟೆಗಳಿಗೆ ಹಂಚಿದರೆ ಅದು 47ಕ್ಕೆ ಇಳಿಯುತ್ತದೆ. ಅಂಥ ಹತ್ತು ವಿಮಾನ ಹಾರಿದರೂ 57. ಕಾಗದದ ಮೇಲೆ ನಿಲ್ದಾಣ ಪಾಸ್. ತೊಟ್ಟಿಲಲ್ಲಿ ಮಲಗಿದ ಮಗು ಹತ್ತು ಸಲ ಬೆಚ್ಚಿದ್ದು ಯಾವ ಕೋಷ್ಟಕದಲ್ಲೂ ಸಿಗದು. ಸಂತೆಯ ದಿನ ಬಿಟ್ಟರೆ ಸದ್ದೇ ಇಲ್ಲದ ಸಿಂಗಟಗೆರೆಯಂಥ ಊರಿಗೂ ಸದಾ ಗಿಜಿಗುಡುವ ಬೆಂಗಳೂರಿನ ಬಡಾವಣೆಗೂ ಈ ಸರಾಸರಿಯೊಂದೇ ಗೋಲು.

ಸಿಡ್ನಿಯವರು ಇದನ್ನು ಪಾಡುಪಟ್ಟು ಕಲಿತರು. 1994ರಲ್ಲಿ ಅಲ್ಲಿ ಮೂರನೇ ರನ್‌ವೇ ತೆರೆದಾಗ, ಸರಾಸರಿ ಸದ್ದಿನ ನಕ್ಷೆಯ ಗೆರೆಯಾಚೆ ಇದ್ದೇವೆಂದು ನೆಮ್ಮದಿಯಿಂದಿದ್ದ ಜನ ಬೀದಿಗಿಳಿದರು. ಸಂಸತ್ತಿನ ಮೇಲ್ಮನೆಯ ಸಮಿತಿ ವಿಚಾರಣೆ ನಡೆಸಿತು. ಆಮೇಲೆ ಅಲ್ಲಿನ ಸರ್ಕಾರವೇ, ದಿನಕ್ಕೆ ಎಷ್ಟು ವಿಮಾನ 70 ಡೆಸಿಬಲ್ ಮೀರುತ್ತವೆ ಎಂದು ಎಣಿಸಿ ಹೇಳುವ ರೂಢಿಗೆ ಬಂತು. ಇದು ಯಾರಿಗಾದರೂ ಅರ್ಥವಾಗುತ್ತದೆ.

ಮನುಷ್ಯರ ಕಿವಿಯ ಪಾಡು ಇದಾದರೆ ಹುಲ್ಲುಗಾವಲಿನದು ಇನ್ನೂ ಕಡೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ಕೃಷ್ಣಮೃಗಗಳ ನೆಲೆ. 2011ರಲ್ಲಿ ಅದಕ್ಕೆ ಸಂರಕ್ಷಣಾ ಮೀಸಲಿನ ಸ್ಥಾನ ಸಿಕ್ಕಿತು. ಮರವಿಲ್ಲದ ಬಯಲನ್ನು 'ಖಾಲಿ ಜಾಗ' ಎಂದು ಬರೆದುಬಿಡುವ ಚಟ ನಮ್ಮ ಕಡತಗಳಿಗಿದೆ, ಚಳ್ಳಕೆರೆಯ ಕಾವಲುಗಳಿಗೆ ಆದದ್ದು ಅದೇ. ಕಡತದಲ್ಲಿ ಹೀಗೆ ಮರೆಮಾಚುವುದು ದುಬಾರಿಯೂ ಆಗಬಹುದು: ಗೋವಾದ ಮೋಪಾ ವಿಮಾನ ನಿಲ್ದಾಣದ ಅರ್ಜಿಯಲ್ಲಿ ಸುತ್ತಲಿನ ಸೂಕ್ಷ್ಮ ಅರಣ್ಯದ ವಿಷಯವನ್ನು ಮುಚ್ಚಿಟ್ಟದ್ದಕ್ಕೆ ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ಪರಿಸರ ಅನುಮತಿಯನ್ನೇ ತಡೆಹಿಡಿಯಿತು. 2020ರ ಜನವರಿಯಲ್ಲಿ ತಡೆ ತೆರವಾಯಿತು, ನಿಜ. ಆದರೂ ಅರ್ಜಿಯ ಒಂದು ಕಾಲಂ ಎಷ್ಟು ತೂಕದ್ದು ಎಂದು ಆಗ ಗೊತ್ತಾಯಿತು.

ಪರಿಸರ ಪರಿಣಾಮ ಅಧ್ಯಯನದ 2006ರ ಅಧಿಸೂಚನೆಯಂತೆ ಹೊಸ ವಿಮಾನ ನಿಲ್ದಾಣಕ್ಕೆ ಸಾರ್ವಜನಿಕ ಅಹವಾಲು ಸಭೆ ಕಡ್ಡಾಯ. ವರದಿಯ ಸಾರಾಂಶ ಕನ್ನಡದಲ್ಲೂ ಇರಬೇಕು. ನಿಮ್ಮೂರ ಹತ್ತಿರ ಅಂಥ ಸಭೆ ನಡೆದರೆ ಪರಿಹಾರದ ಜೊತೆಗೆ ಇದನ್ನೂ ಕೇಳಿ: ಸದ್ದು ಅಳೆಯುವ ಮೀಟರ್ ಎಲ್ಲಿ ಇಟ್ಟಿರಿ, ಯಾವ ತಿಂಗಳು ಇಟ್ಟಿರಿ, ದಿನಕ್ಕೆ ಎಷ್ಟು ಸಲ 70 ದಾಟುತ್ತದೆ, ಹಾರಾಟ ಶುರುವಾದ ಮೇಲೆ ಮತ್ತೆ ಬಂದು ಅಳೆಯುವವರು ಯಾರು? ಉತ್ತರವನ್ನು ನಡಾವಳಿಯಲ್ಲಿ ಬರೆಸಿಕೊಳ್ಳಿ.