ಪಟ್ಟಿ ಬಿಚ್ಚಿದ ಮೇಲೆ

ಹುಟ್ಟುವಾಗಲೇ ಪಾದ ಒಳಕ್ಕೂ ಕೆಳಕ್ಕೂ ತಿರುಚಿಕೊಂಡಿರುವ ಸೊಟ್ಟಗಾಲಿಗೆ ಇಂದು ಜಗತ್ತಿನ ಬಹುಪಾಲು ಕಡೆ ನಡೆಯುವುದು ಪೊನ್ಸೆಟಿ ಚಿಕಿತ್ಸೆ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಇಗ್ನಾಸಿಯೊ ಪೊನ್ಸೆಟಿ ಇದನ್ನು ರೂಪಿಸಿದ್ದು 1940ರ ದಶಕದ ಕೊನೆಯಲ್ಲಿ. ದೊಡ್ಡ ಶಸ್ತ್ರಚಿಕಿತ್ಸೆಯನ್ನೇ ನಂಬಿದ್ದ ಮೂಳೆತಜ್ಞರು ದಶಕಗಳ ಕಾಲ ಇದರತ್ತ ತಿರುಗಿ ನೋಡಲಿಲ್ಲ. ಹಾಗೆ ಕೊಯ್ದು ನೆಟ್ಟಗೆ ಮಾಡಿದ ಎಷ್ಟೋ ಪಾದಗಳು ಪ್ರಾಯ ಬರುವ ಹೊತ್ತಿಗೆ ಬಿಗಿದು ನೋಯತೊಡಗಿದವು.

ಪೊನ್ಸೆಟಿಯವರದು ಬೆರಳುಗಳ ಕೆಲಸ. ಹರಡಿನ ಮೂಳೆಗೆ ಹೆಬ್ಬೆರಳು ಆನಿಸಿ, ಹಿಮ್ಮಡಿ ಮುಟ್ಟದೆ, ಪಾದವನ್ನು ಮೆಲ್ಲಗೆ ಹೊರಕ್ಕೆ ತಿರುಗಿಸಿ ಪ್ಲಾಸ್ಟರ್ ಪಟ್ಟಿ ಹಾಕುತ್ತಾರೆ, ವಾರಕ್ಕೊಮ್ಮೆ ಬದಲಿಸುತ್ತಾರೆ. ಸಾಮಾನ್ಯವಾಗಿ ಐದಾರು ಪಟ್ಟಿಗಳಲ್ಲಿ ಪಾದ ದಾರಿಗೆ ಬರುತ್ತದೆ. ಬಹುತೇಕ ಮಕ್ಕಳಿಗೆ ಹಿಮ್ಮಡಿಯ ಸ್ನಾಯುರಜ್ಜುವಿಗೆ ಸಣ್ಣ ಕತ್ತರಿಯೂ ಬೇಕು. ಆ ರಜ್ಜು ಉದ್ದಕ್ಕೆ ಬೆಳೆದು ಮತ್ತೆ ಕೂಡಿಕೊಳ್ಳುತ್ತದೆ. ಅಯೋವಾದ ರೋಗಿಗಳನ್ನು ಮೂವತ್ತು ವರ್ಷಗಳ ಬಳಿಕ ಪರೀಕ್ಷಿಸಿದ ವರದಿ 1995ರಲ್ಲಿ ಪ್ರಕಟವಾಯಿತು. ಶೇ. 78 ಮಂದಿಯ ಫಲಿತಾಂಶ ಚೆನ್ನಾಗಿತ್ತು. ಹುಟ್ಟಿನಿಂದ ಪಾದದ ತೊಂದರೆಯೇ ಇಲ್ಲದವರಲ್ಲಿ ಆ ಪ್ರಮಾಣ ಶೇ. 85. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕಾಲ ಬಾಳುವ ಚಿಕಿತ್ಸೆ ಅಪರೂಪ.

ನನ್ನ ತಕರಾರಿರುವುದು ನಾವು ಅದನ್ನು ನಡೆಸುವ ರೀತಿಯಲ್ಲಿ. ಪಟ್ಟಿ ಬಿಚ್ಚಿದ ದಿನ ಪಾದ ನೆಟ್ಟಗಾಗಿರುತ್ತದೆ, ಆದರೆ ಚಿಕಿತ್ಸೆ ಮುಗಿದಿರುವುದಿಲ್ಲ. ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕು ವರ್ಷ ತುಂಬುವವರೆಗೆ ಮಲಗಿದಾಗಲೆಲ್ಲ, ಕಂಬಿಗೆ ಜೋಡಿಸಿದ ಬೂಟು, ಅಂದರೆ ಬ್ರೇಸ್, ಹಾಕಬೇಕು. ಪಾದ ಮತ್ತೆ ಸೊಟ್ಟಗಾಗುವುದು ಹೆಚ್ಚಾಗಿ ಇದನ್ನು ಬಿಟ್ಟಾಗ. ಅಳುವ ಮಗುವಿಗೆ ರಾತ್ರಿ ಬೂಟು ಬಿಗಿಯುವವಳು ತಾಯಿ. 'ಬಸುರಿಯಾಗಿದ್ದಾಗ ಗ್ರಹಣದ ಹೊತ್ತು ಹೊರಗೆ ಬಂದಿದ್ದೆಯಲ್ಲ' ಎಂಬ ಮಾತು ಕೇಳಿಸಿಕೊಂಡವಳೂ ಅವಳೇ. ಮಗು ಓಡಾಡತೊಡಗಿದ ಮೇಲೆ 'ಕಾಲು ಸರಿಹೋಯ್ತಲ್ಲ, ಬಿಚ್ಚಮ್ಮ, ಪಾಪ' ಎನ್ನುವ ಅತ್ತೆಗೆ ಅವಳೊಬ್ಬಳೇ ಉತ್ತರ ಹೇಳಬೇಕು. ಪಾದ ತಿರುಗಿದರೆ ತಪ್ಪು ಮತ್ತೆ ಅವಳ ತಲೆಗೇ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಮಕ್ಕಳಲ್ಲಿ ಪತ್ತೆ ಹಚ್ಚಬೇಕಾದ ತೊಂದರೆಗಳ ಸಾಲಿನಲ್ಲಿ ಸೊಟ್ಟಗಾಲೂ ಇದೆ. ಇಂಥ ಕೂಸುಗಳನ್ನು ಹುಡುಕುವ ಏರ್ಪಾಡು ಇದೆ. ಅಷ್ಟೇ ಮುತುವರ್ಜಿ ಬ್ರೇಸಿನ ವರ್ಷಗಳಿಗೂ ಬೇಕು. ಅಪ್ಪನನ್ನೂ ಅಜ್ಜಿಯನ್ನೂ ಎದುರು ಕೂರಿಸಿಕೊಂಡು ಡಾಕ್ಟರು ಹೇಳಬೇಕು. ಪಾದ ಬೆಳೆದಂತೆ ಮುಂದಿನ ಅಳತೆಯ ಬೂಟು ತಾಲ್ಲೂಕಿನಲ್ಲೇ ಸಿಗಬೇಕು. ಮನೆಗೆ ಬಂದ ಆಶಾ ಕಾರ್ಯಕರ್ತೆ ಲಸಿಕೆಯಂತೆ ಬ್ರೇಸನ್ನೂ ವಿಚಾರಿಸಬೇಕು. ಇನ್ನೊಂದು: ಚಿಕಿತ್ಸೆ ಫಲಿಸಿದರೂ ಮೀನಖಂಡ ತುಸು ತೆಳ್ಳಗೆ, ಪಾದ ತುಸು ಚಿಕ್ಕದಾಗಿ ಉಳಿಯಬಹುದು. ಅದನ್ನು ಮೊದಲ ದಿನವೇ ಹೇಳಿಬಿಡಬೇಕು. ಇಲ್ಲವಾದರೆ ಆ ತಾಯಿ ಅದಕ್ಕೂ ತನ್ನನ್ನೇ ಹಳಿದುಕೊಳ್ಳುತ್ತಾಳೆ.