ಕೋರುವವರು ಯಾರು?

ಕಾಲೇಜಿನ ದಿನಗಳಲ್ಲಿ ಬಸವೇಶ್ವರನಗರದ ಹಾವನೂರು ಸರ್ಕಲ್ ಹತ್ತಿರದ ಒಂದು ಡಿಟಿಪಿ ಅಂಗಡಿಯಲ್ಲಿ ಕರಡು ತಿದ್ದುತ್ತಿದ್ದೆ. ಮದುವೆ ಕರೆಯೋಲೆ, ತಿಥಿ ಕಾರ್ಡು, ನಡುನಡುವೆ ರಾಜಕಾರಣಿಗಳ ಫ್ಲೆಕ್ಸು. ಒಮ್ಮೆ ‘ಹಾರ್ಧಿಕ ಶುಭಾಷಯಗಳು’ ಎಂದಿದ್ದುದನ್ನು ಸರಿಪಡಿಸಿದೆ. ಮಾಡಿಸಲು ಬಂದಿದ್ದ ಹುಡುಗನಿಗೆ ಅದರ ಗೊಡವೆಯೇ ಇರಲಿಲ್ಲ. ಕೆಳಗಿನ ಸಾಲಿನಲ್ಲಿ ತನ್ನ ಫೋಟೊ ಎಡದಿಂದ ಎಷ್ಟನೆಯದು ಎಂಬುದೊಂದೇ ಅವನ ಆತಂಕ. ಫ್ಲೆಕ್ಸನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂದು ನಾನು ಕಲಿತದ್ದು ಅವತ್ತು.

ಈಗಲೂ ವಿಜಯನಗರದ ಮಾರುತಿ ಮಂದಿರದಿಂದ ರಾಜಾಜಿನಗರದ ನವರಂಗ್‌ವರೆಗೆ, ಅತ್ತ ಕೆಂಗೇರಿಯ ತನಕ, ಹೋದಲ್ಲೆಲ್ಲ ಈ ಪಠ್ಯವನ್ನು ಓದುತ್ತೇನೆ. ಪಠ್ಯ ಎಂದು ಬೇಕೆಂದೇ ಕರೆಯುತ್ತಿದ್ದೇನೆ. ನಮ್ಮ ಕಡೆ ಬೀದಿಯಲ್ಲಿ ನಿಂತು ಓದಿಸಿಕೊಳ್ಳುವ ಕನ್ನಡ ಇದೇ. ‘ಅಭಿವೃದ್ಧಿಯ ಹರಿಕಾರ, ಬಡವರ ಬಂಧು, ಯುವಕರ ಕಣ್ಮಣಿ’ – ವಿಶೇಷಣದ ಮೇಲೆ ವಿಶೇಷಣ, ಕ್ರಿಯಾಪದ ಮಾತ್ರ ಇಲ್ಲ. ಏನು ಮಾಡಿದರೆಂದು ಹೇಳಲು ಕ್ರಿಯಾಪದ ಬೇಕು. ಹೇಳಿದರೆ ಲೆಕ್ಕ ಕೇಳುವವರು ಹುಟ್ಟುತ್ತಾರೆ. ಹಿಂಬಾಲಕ ನಾಯಕನಿಗೆ ಶುಭ ಕೋರುತ್ತಾನೆ. ಮತದಾರರಾದ ನಾವು ಸಿಗ್ನಲ್ಲಿನಲ್ಲಿ ನಿಂತ ಸಾಕ್ಷಿಗಳು.

2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ಕಿನ ಜೊತೆ ಫ್ಲೆಕ್ಸನ್ನೂ ನಿಷೇಧಿಸಿತು. 2018ರಲ್ಲಿ ಹೈಕೋರ್ಟ್ ಚಾಟಿ ಬೀಸಿದಾಗ ಊರು ಕೆಲಕಾಲ ಮುಖ ತೊಳೆದುಕೊಂಡಂತೆ ಕಂಡಿತು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲಿನ ಅವಧಿ ಮುಗಿದು, ವರ್ಷಗಟ್ಟಲೆ ಪಾಲಿಕೆ ಚುನಾವಣೆ ನಡೆಯಲಿಲ್ಲ. ಆಕಾಂಕ್ಷಿಗಳ ಫ್ಲೆಕ್ಸುಗಳು ಮಾತ್ರ ನಿಲ್ಲಲಿಲ್ಲ. ನಾವು ಇದನ್ನು ದುಂದುವೆಚ್ಚ ಎಂದು ಬೈಯುತ್ತೇವೆ. ನನ್ನ ತಕರಾರು ‘ಕೋರುವವರು’ ಎಂಬ ಒಂದು ಪದದ ಬಗ್ಗೆ.

ವಿಧಾನಸಭೆಗೆ ನಿಂತವರು ನಮ್ಮ ರಾಜ್ಯದಲ್ಲಿ 40 ಲಕ್ಷ ರೂಪಾಯಿ ಮೀರಿ ಖರ್ಚು ಮಾಡುವಂತಿಲ್ಲ. 2022ರಲ್ಲಿ ಏರಿಸಿದ ಮಿತಿ ಇದು. ಆದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಕಲಮಿನ ಲೆಕ್ಕ ಶುರುವಾಗುವುದು ನಾಮಪತ್ರದ ದಿನದಿಂದ. ಅದೂ ಅಭ್ಯರ್ಥಿ ಅಥವಾ ಅವರ ಏಜೆಂಟ್ ಮಾಡಿದ, ಇಲ್ಲವೇ ಒಪ್ಪಿಗೆ ಕೊಟ್ಟ ಖರ್ಚು ಮಾತ್ರ. ಪಕ್ಷಗಳ ಒಟ್ಟು ವೆಚ್ಚಕ್ಕಂತೂ ಮಿತಿಯೇ ಇಲ್ಲ. ಅಭ್ಯರ್ಥಿಗೆ ತಿಳಿದೇ ಪಕ್ಷ ಮಾಡುವ ಖರ್ಚನ್ನೂ ಅವರ ಲೆಕ್ಕಕ್ಕೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 1974ರಲ್ಲಿ, ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ, ಹೇಳಿತ್ತು. ಅದೇ ವರ್ಷ ಕಾಯ್ದೆ ತಿದ್ದಿ ಆ ಬಾಗಿಲು ಮುಚ್ಚಲಾಯಿತು.

ಈಗ ಹುಟ್ಟುಹಬ್ಬದ ಫ್ಲೆಕ್ಸನ್ನು ಮತ್ತೆ ಓದಿ. ಅದು ನಾಮಪತ್ರಕ್ಕೆ ಎಷ್ಟೋ ಮೊದಲೇ ಕಟ್ಟಿದ್ದು. ಕಟ್ಟಿದವರು ‘ಅಭಿಮಾನಿ ಬಳಗ’. ಕಾಲವೂ ಕರ್ತೃವೂ ಕಾನೂನಿನ ಕೈಗೆ ಸಿಗದಂತೆ ಬರೆದ ವಾಕ್ಯ ಅದು. ನಾನು ಅಕ್ಷರದ ತಪ್ಪು ಹುಡುಕುತ್ತ ಕೂತಿದ್ದೆ; ವಾಕ್ಯ ತನ್ನ ಕೆಲಸಕ್ಕೆ ಕರಾರುವಾಕ್ಕಾಗಿತ್ತು.

ಕನ್ನಡದ ಯಾವುದೇ ಪುಸ್ತಕ ತೆರೆಯಿರಿ. ಮೊದಲ ಪುಟಗಳಲ್ಲೇ ಪ್ರಕಾಶಕರು, ಮುದ್ರಕರು, ಬೆಲೆ. ಎಷ್ಟೋ ಪುಸ್ತಕಗಳಲ್ಲಿ ಪ್ರತಿಗಳ ಸಂಖ್ಯೆ, ಬಳಸಿದ ಕಾಗದ ಕೂಡ. ಸಾವಿರ ಪ್ರತಿಯ ಕವನ ಸಂಕಲನಕ್ಕಿರುವ ಈ ನಾಚಿಕೆ ನಾಲ್ಕಾಳೆತ್ತರದ ಫ್ಲೆಕ್ಸಿಗಿಲ್ಲ. ಚುನಾವಣಾ ಪೋಸ್ಟರಿನ ಮೇಲೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕೆಂದು ಅದೇ ಕಾಯ್ದೆಯ 127ಎ ಕಲಮು ಹೇಳುತ್ತದೆ. ಹುಟ್ಟುಹಬ್ಬಕ್ಕೂ ಗಣೇಶನಿಗೂ ಆ ಕಲಮು ಅನ್ವಯಿಸುತ್ತದೆಂದು ಯಾರೂ ಭಾವಿಸಿದಂತಿಲ್ಲ.

ಹಣಬಲವಿಲ್ಲದ ಹೊಸಬರು ಜನರಿಗೆ ಪರಿಚಯವಾಗುವುದು ಹೇಗೆ ಎಂಬ ಪ್ರಶ್ನೆ ನ್ಯಾಯವಾದದ್ದೇ. 1952ರಲ್ಲಿ ಸಾಗರ–ಹೊಸನಗರದಿಂದ ಗೆದ್ದ ಶಾಂತವೇರಿ ಗೋಪಾಲಗೌಡರ ಹೆಸರಿನೊಂದಿಗೆ ‘ಒಂದು ಓಟು, ಒಂದು ನೋಟು’ ಎಂಬ ಮಾತು ಇಂದಿಗೂ ಅಂಟಿಕೊಂಡಿದೆ. ಅಲ್ಲಿ ಹಣ ಕೊಟ್ಟವರೇ ಮತದಾರರು; ಗೆದ್ದವರ ಋಣ ಯಾರಿಗೆಂದು ಊರಿಗೆಲ್ಲ ಗೊತ್ತಿತ್ತು. ಆ ಕಾಲ ಮರಳಲಿ ಎಂದು ನಾನು ಹಂಬಲಿಸುತ್ತಿಲ್ಲ. ಋಣ ಯಾರದೆಂದು ತಿಳಿಯುವ ಹಕ್ಕು ಮಾತ್ರ ಹಳತಾಗಿಲ್ಲ ಎನ್ನುತ್ತಿದ್ದೇನೆ.

ಮುಂದಿನ ಸಲ ಸಿಗ್ನಲ್ಲಿನಲ್ಲಿ ನಿಂತಾಗ ದೊಡ್ಡ ಮುಖವನ್ನು ಬಿಟ್ಟು ಕೆಳಗಿನ ಸಾಲಿನ ಸಣ್ಣ ಮುಖಗಳನ್ನು ನೋಡಿ. ಹಣ ಯಾರದೆಂದು ಅಲ್ಲಿ ಬರೆದಿರುವುದಿಲ್ಲ. ನಾಳೆ ಅದನ್ನು ವಸೂಲಿ ಮಾಡಿಕೊಳ್ಳಲು ಯಾರು ಬರಬಹುದೆಂಬ ಸುಳಿವು ಮಾತ್ರ ಇರುತ್ತದೆ.