ತ್ರಿಕೋನದಲ್ಲಿ ಸಿಕ್ಕಿಬಿದ್ದ ಓಮ್

ಎಸ್ಸೆಸ್ಸೆಲ್ಸಿ ಮಕ್ಕಳ ವಿಜ್ಞಾನದ ನೋಟ್ ಪುಸ್ತಕ ತಿರುವಿ ಹಾಕಿದರೆ ಯಾವುದಾದರೂ ಅಂಚಿನಲ್ಲಿ ಒಂದು ಪುಟ್ಟ ತ್ರಿಕೋನ ಸಿಗುತ್ತದೆ. ಮೇಲೆ ವೋಲ್ಟೇಜಿನ ವಿ, ಕೆಳಗೆ ಪ್ರವಾಹದ ಐ ಮತ್ತು ರೋಧದ ಆರ್. ಯಾವುದು ಬೇಕೋ ಅದರ ಮೇಲೆ ಹೆಬ್ಬೆರಳು ಇಟ್ಟರೆ ಉಳಿದದ್ದೇ ಸೂತ್ರ. ಓಮ್‌ನ ನಿಯಮವನ್ನು ನಮ್ಮ ಮಕ್ಕಳು ಕಲಿಯುವುದು ಹೀಗೆ, ಬೆರಳಿನಿಂದ.

ಪರೀಕ್ಷೆಯ ಹೊತ್ತಿನಲ್ಲಿ ಊರಿಗೆ ಹೋಗಿದ್ದೆ. ಅಣ್ಣನ ಮಗ ಲೆಕ್ಕ ಮಾಡುತ್ತ ಕೂತಿದ್ದ. 220 ವೋಲ್ಟ್, 44 ಓಮ್, ಪ್ರವಾಹ ಎಷ್ಟು? ಬೆರಳು ಇಟ್ಟ, 5 ಆಂಪಿಯರ್ ಎಂದು ಬರೆದ. "ವೋಲ್ಟೇಜ್ 160ಕ್ಕೆ ಇಳಿದರೆ?" ಎಂದು ಕೇಳಿದೆ. "ಪ್ರವಾಹನೂ ಇಳಿಯುತ್ತೆ" ಎಂದ ಥಟ್ಟನೆ. ಆಮೇಲೆ ಪೆನ್ನಿನ ತುದಿ ಕಚ್ಚುತ್ತ, "ಮತ್ತೆ ವೋಲ್ಟೇಜ್ ಡೌನ್ ಆದ್ರೆ ಅಪ್ಪ ಓಡೋಗಿ ಮೋಟ್ರು ಆಫ್ ಮಾಡೋದ್ಯಾಕೆ ಚಿಕ್ಕಪ್ಪ? ಕಾಯಿಲ್ ಸುಟ್ಟೋಗುತ್ತೆ ಅಂತಾರಲ್ಲ. ಕರೆಂಟು ಕಮ್ಮಿ ಹರಿದ್ರೆ ಸುಡೋದು ಹೆಂಗೆ?"

ಇಡೀ ಪಾಠದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಇದಕ್ಕೆ ಜಾಗವೂ ಇಲ್ಲ.

ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕವನ್ನೇ ನಮ್ಮ ಮಕ್ಕಳು ಕನ್ನಡದಲ್ಲಿ ಓದುತ್ತಾರೆ. ತಪ್ಪೆಲ್ಲ ಆ ಪುಸ್ತಕದ್ದೇ ಎಂದರೆ ಅನ್ಯಾಯ. ಅರ್ಧ ಮೀಟರ್ ನೈಕ್ರೋಮ್ ತಂತಿಗೆ ಒಂದೂವರೆ ವೋಲ್ಟಿನ ಶುಷ್ಕಕೋಶಗಳನ್ನು ಒಂದು, ಎರಡು, ಮೂರು, ನಾಲ್ಕು ಎಂದು ಸೇರಿಸುತ್ತ ಹೋಗಿ, ಪ್ರತಿ ಸಲವೂ ವಿಭವಾಂತರವನ್ನು ಪ್ರವಾಹದಿಂದ ಭಾಗಿಸಿ ನೋಡುವ ಚಟುವಟಿಕೆ ಅದರಲ್ಲಿದೆ. ಅಳತೆ ಮೊದಲು, ಸೂತ್ರ ಆಮೇಲೆ. ಈ ನಿಯಮ ಕಂಡುಹಿಡಿದ ಓಮ್ ನಡೆದ ದಾರಿಯೂ ಅದೇ. ಅವನ ಕಾಲದ ಬ್ಯಾಟರಿಗಳು ಒಂದೇ ಸಮ ಕೆಲಸ ಮಾಡುತ್ತಿರಲಿಲ್ಲ. ಅದಕ್ಕೆ ತಾಮ್ರ ಮತ್ತು ಬಿಸ್ಮತ್ ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು, ಆ ತಾಪವ್ಯತ್ಯಾಸದಿಂದ ಸ್ಥಿರವಾದ ವಿದ್ಯುತ್ ಪಡೆದ. ಬೇರೆ ಬೇರೆ ಉದ್ದದ ತಂತಿಗಳನ್ನು ಅದಕ್ಕೆ ಜೋಡಿಸಿ ಅಳೆದ. 1827ರಲ್ಲಿ ಪುಸ್ತಕವಾಗಿ ಬಂದದ್ದು ಲೋಹದ ತಂತಿಗಳ ಬಗೆಗಿನ ಒಂದು ಅನುಭವದ ಮಾತು. ಜಗತ್ತಿನಲ್ಲಿರುವ ಎಲ್ಲ ವಿದ್ಯುತ್ ಸಾಧನಗಳಿಗೂ ಅವನು ಹೊರಡಿಸಿದ ಆಜ್ಞೆಯಲ್ಲ.

ಪಠ್ಯಪುಸ್ತಕವೂ 'ತಾಪ ಬದಲಾಗದಿದ್ದರೆ' ಎಂಬ ಷರತ್ತು ಹಾಕಿದೆ. ಆದರೆ ಆ ಷರತ್ತಿಗೆ ಬೆಲೆ ತರುವ ಒಂದೇ ಒಂದು ಉದಾಹರಣೆ ಕೊಡುವುದಿಲ್ಲ. ನೋಟ್ಸಿಗೆ ಇಳಿಯುವ ಹೊತ್ತಿಗೆ ಷರತ್ತೂ ಉದುರಿ, ತ್ರಿಕೋನ ಉಳಿಯುತ್ತದೆ. ಹಳೆಯ 60 ವ್ಯಾಟ್ ಬಲ್ಬ್ ಒಂದು ಮನೆಯಲ್ಲಿದ್ದರೆ ಮಲ್ಟಿಮೀಟರ್ ಹಿಡಿದು ನೋಡಿ. 220 ವೋಲ್ಟ್ ಇಟ್ಟುಕೊಂಡು ಸೂತ್ರ ಹಾಕಿದರೆ ರೋಧ 807 ಓಮ್ ಬರಬೇಕು. ಮೀಟರ್ ತೋರಿಸುವುದು ಅದರ ಹತ್ತನೇ ಒಂದು ಭಾಗದ ಆಸುಪಾಸು. ಮೀಟರೂ ಕೆಟ್ಟಿಲ್ಲ, ಸೂತ್ರವೂ ಸುಳ್ಳಲ್ಲ. ಉರಿಯುವಾಗ ಎರಡು ಸಾವಿರ ಡಿಗ್ರಿ ದಾಟುವ ಟಂಗ್‌ಸ್ಟನ್ ತಂತಿ ತಣ್ಣಗಿರುವಾಗ ಬೇರೆಯೇ ಪ್ರಾಣಿ. ಹತ್ತು ನಿಮಿಷದ ಈ ಪ್ರಯೋಗ ಆ ಷರತ್ತನ್ನು ಮಕ್ಕಳ ತಲೆಯಲ್ಲಿ ಕೂರಿಸಿಬಿಡುತ್ತದೆ. (ಪುಸ್ತಕದ ಲೆಕ್ಕಗಳಲ್ಲಿ 100, 60 ವ್ಯಾಟ್ ಬಲ್ಬುಗಳು ಇನ್ನೂ ಉರಿಯುತ್ತಿವೆ. ಮನೆಯಲ್ಲಿರುವುದು 9 ವ್ಯಾಟಿನ ಎಲ್‌ಇಡಿ, ಅದಕ್ಕೆ ಈ ತ್ರಿಕೋನ ಹೊಂದುವುದೇ ಇಲ್ಲ.)

ಇನ್ನೊಂದು ತೊಡಕು ಭಾಷೆಯದು, ಅದನ್ನು ಯಾರೂ ಗಮನಿಸಿದಂತಿಲ್ಲ. ನಮಗೆ ಎಲ್ಲವೂ ಕರೆಂಟೇ. ಕರೆಂಟ್ ಹೋಯ್ತು, ಕರೆಂಟ್ ಹೊಡೀತು, ಕರೆಂಟ್ ಬಿಲ್ ಬಂತು. ತರಗತಿಯಲ್ಲಿ ಅದೇ ಕರೆಂಟು 'ವಿದ್ಯುತ್ ಪ್ರವಾಹ'ವಾಗಿ, ಸೆಕೆಂಡಿಗೆ ಎಷ್ಟು ಕೂಲಮ್ ಆವೇಶ ಹಾದುಹೋಯಿತು ಎಂಬ ಒಂದೇ ಅರ್ಥಕ್ಕೆ ಕುಗ್ಗುತ್ತದೆ. ಆ ಅರ್ಥದ ಕರೆಂಟು ಖರ್ಚಾಗುವುದಿಲ್ಲ. ಬಲ್ಬಿನೊಳಕ್ಕೆ ಹೋದಷ್ಟೇ ಹೊರಗೆ ಬರುತ್ತದೆ. ಖರ್ಚಾಗುವುದು ಶಕ್ತಿ. ಎಲೆಕ್ಟ್ರಾನ್‌ಗಳು ಮುಗಿದುಹೋಗುವುದಿಲ್ಲ ಎಂದು ಪುಸ್ತಕ ಒಂದು ಕಡೆ ಚೌಕಟ್ಟು ಹಾಕಿ ಹೇಳಿದೆ ನಿಜ. ಆದರೆ ಮಗು ಮನೆಯಿಂದ ಹೊತ್ತು ತಂದ 'ಕರೆಂಟ್' ಎಂಬ ಪದವನ್ನು ಎದುರಿಗಿಟ್ಟು ಬಿಡಿಸುವ ಕೆಲಸಕ್ಕೆ ಅದು ಕೈ ಹಾಕುವುದಿಲ್ಲ.

'ಯೂನಿಟ್' ಪದದ ಪಾಡೂ ಅದೇ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ 200 ಯೂನಿಟ್ ಎಂದರೇನು ಎಂದು ಅಜ್ಜಿಗೂ ಗೊತ್ತು. ಶಾಲೆಯಲ್ಲಿ ಮಾತ್ರ ಯೂನಿಟ್ ಎಂದರೆ ಏಕಮಾನ: ಆಂಪಿಯರ್, ವೋಲ್ಟ್, ಓಮ್, ವ್ಯಾಟ್ ಎಂಬ, ಒಂದು ಅಂಕದ ಪಟ್ಟಿ. ಅಜ್ಜಿಯ ಯೂನಿಟ್ಟು ಒಂದು ಕಿಲೋವ್ಯಾಟ್ ಗಂಟೆ, ಅಂದರೆ 36 ಲಕ್ಷ ಜೂಲ್. ಪುಸ್ತಕದ ಉದಾಹರಣೆಯಲ್ಲಿ 400 ವ್ಯಾಟಿನ ಫ್ರಿಡ್ಜ್ ದಿನಕ್ಕೆ 8 ಗಂಟೆಯಂತೆ 30 ದಿನ ಓಡಿ, ಯೂನಿಟ್ಟಿಗೆ 3 ರೂಪಾಯಿಯಂತೆ 288 ರೂಪಾಯಿ ಖರ್ಚು ಮಾಡುತ್ತದೆ. ಲೆಕ್ಕ ಸರಿ. ಆದರೆ ಮನೆಗೆ ಬರುವ ಬಿಲ್ಲಿನಲ್ಲಿ ಮಂಜೂರಾದ ಲೋಡು ಕಿಲೋವ್ಯಾಟಿನಲ್ಲಿ ಇರುತ್ತದೆ, ಅದರ ಮೇಲೆ ನಿಗದಿತ ಶುಲ್ಕ. ಬಳಕೆ ಕಿಲೋವ್ಯಾಟ್ ಗಂಟೆಯಲ್ಲಿ ಇರುತ್ತದೆ, ಅದರ ಮೇಲೆ ಇನ್ನೊಂದು ಶುಲ್ಕ. ಸಾಮರ್ಥ್ಯ ಬೇರೆ, ಶಕ್ತಿ ಬೇರೆ ಎಂದು ತೋರಿಸಲು ಇದಕ್ಕಿಂತ ಅಗ್ಗದ ಪಾಠೋಪಕರಣ ಎಲ್ಲಿದೆ? ಆ ಚೀಟಿ ಮೊಳೆಗೆ ನೇತುಬಿದ್ದಿರುತ್ತದೆ, ಪಾಠ ಕಪ್ಪು ಹಲಗೆಯ ಮೇಲೆ ನಡೆದಿರುತ್ತದೆ.

ಶಿವನಸಮುದ್ರದ ಜಲವಿದ್ಯುತ್ ಕೇಂದ್ರದ ಕಥೆಯಂತೂ ಈ ಪಾಠಕ್ಕೆಂದೇ ಹುಟ್ಟಿದ್ದು. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿಸಲು ಹತ್ತಾರು ಸಾವಿರ ವೋಲ್ಟ್ ಯಾಕೆ ಬೇಕಾಯಿತು? ವೋಲ್ಟೇಜ್ ಹತ್ತು ಪಟ್ಟು ಏರಿಸಿದರೆ ಅಷ್ಟೇ ಸಾಮರ್ಥ್ಯಕ್ಕೆ ಪ್ರವಾಹ ಹತ್ತನೇ ಒಂದಾಗುತ್ತದೆ, ತಂತಿಯಲ್ಲಿ ವ್ಯರ್ಥವಾಗುವ ಶಾಖ ನೂರನೇ ಒಂದಾಗುತ್ತದೆ. ಶಾಖ ಪ್ರವಾಹದ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ ಎಂಬುದಕ್ಕೆ ಇಷ್ಟು ದೊಡ್ಡ ಸಾಕ್ಷಿ ಮನೆಯಂಗಳದಲ್ಲೇ ಇರುವಾಗ ನಮ್ಮ ಮಕ್ಕಳು ಇಸ್ತ್ರಿಪೆಟ್ಟಿಗೆಯ ಶಾಖವನ್ನೇ ಲೆಕ್ಕ ಹಾಕುತ್ತಿದ್ದಾರೆ.

ಹುಡುಗನ ಮೋಟಾರಿಗೆ ಬರೋಣ. ನೀರೆತ್ತುವ ಮೋಟಾರು ನೈಕ್ರೋಮ್ ತಂತಿಯಲ್ಲ. ಬಾವಿಯ ಭಾರ ಅದರ ತಲೆಯ ಮೇಲಿದೆ. ವೋಲ್ಟೇಜ್ ಇಳಿದರೂ ಹೆಚ್ಚುಕಡಿಮೆ ಅಷ್ಟೇ ಕೆಲಸ ಮಾಡಬೇಕಾಗಿರುವುದರಿಂದ ಅದು ಹೆಚ್ಚು ಪ್ರವಾಹ ಎಳೆದುಕೊಳ್ಳುತ್ತದೆ. ಆ ಪ್ರವಾಹದ ವರ್ಗಕ್ಕೆ ತಕ್ಕಂತೆ ವೈಂಡಿಂಗ್ ಕಾಯುತ್ತದೆ. ಅಂದರೆ ಕಾಯಿಲ್ ಸುಡುವುದನ್ನು ವಿವರಿಸುವ ಜೂಲ್‌ನ ಸೂತ್ರ ಅದೇ ಪಾಠದಲ್ಲಿದೆ. ದಾರಿ ತಪ್ಪಿಸಿದ್ದು ತ್ರಿಕೋನ. ಇಷ್ಟು ಹೇಳಿದರೂ ಅವನ ಮುಖದಲ್ಲಿ ನಂಬಿಕೆ ಕಾಣಲಿಲ್ಲ. ಪುಸ್ತಕಕ್ಕೆ ವಿರುದ್ಧ ಚಿಕ್ಕಪ್ಪನ ಮಾತು ಎಷ್ಟರದು?

ಮಾರನೇ ದಿನ ಬೆಳಿಗ್ಗೆ ತ್ರೀ ಫೇಸ್ ಬಂದಾಗ ಪಂಪ್‌ಹೌಸಿಗೆ ಕರೆದೊಯ್ದೆ. ಪ್ಯಾನೆಲ್ ಬೋರ್ಡಿನ ಮೇಲೆ ವೋಲ್ಟ್ ಮೀಟರು, ಆಂಪ್ ಮೀಟರು ಎರಡೂ ಧೂಳು ಹಿಡಿದು ಕೂತಿದ್ದವು. ಅಂಗಿಯ ತುದಿಯಿಂದ ಗಾಜು ಒರೆಸಿದ. 410 ವೋಲ್ಟ್, ಏಳೂವರೆ ಆಂಪಿಯರ್. ಪಕ್ಕದ ತೋಟಗಳ ಮೋಟಾರುಗಳೆಲ್ಲ ಒಂದೊಂದಾಗಿ ಶುರುವಾದ ಮೇಲೆ ಮತ್ತೆ ನೋಡಿದ. 340 ವೋಲ್ಟ್, ಒಂಬತ್ತು ಆಂಪಿಯರ್. ಅಂಗೈ ಮೇಲೆ ಎರಡನ್ನೂ ಬರೆದುಕೊಂಡು ಅಲ್ಲೇ ಭಾಗಾಕಾರ ಮಾಡಿದ. ಮೊದಲನೆಯದು 55ರ ಹತ್ತಿರ ಬಂತು, ಎರಡನೆಯದು 38ರ ಹತ್ತಿರ. "ಒಂದೇ ಮೋಟ್ರಿಗೆ ಎರಡು ಆರ್ ಹೆಂಗೆ ಬರುತ್ತೆ?" ಎನ್ನುತ್ತ ಇನ್ನೊಂದು ಸಲ ಭಾಗಿಸತೊಡಗಿದ. ಅಣ್ಣ ಅಷ್ಟರಲ್ಲಿ ಬಂದು ಮೋಟಾರು ಆಫ್ ಮಾಡಿದ.